ಹಳೆಯ ಮನೆಗೆ ಹೊಸ ದುಡಿಮೆ: ಐದು ದಾರಿಗಳಲ್ಲಿ ನಿಮ್ಮದು ಯಾವುದು?

“ಅಮ್ಮ ಒಬ್ಬರೇ ಇದ್ದಾರೆ. ಮನೆಗೆ ನೂರು ವರ್ಷ ಆಗ್ತಾ ಬಂತು. ಮಳೆ ಹಿಡಿದರೆ ನಾಲ್ಕು ಕಡೆ ಪಾತ್ರೆ ಇಡಬೇಕು. ಬಿಲ್ಡರು ತಿಂಗಳಿಗೊಮ್ಮೆ ಬಂದು ವಿಚಾರಿಸಿಕೊಂಡು ಹೋಗ್ತಾರೆ. ಅಣ್ಣ ಕೆಡವೋಣ ಅಂತಾನೆ, ತಂಗಿ ಕೆಫೆಗೆ ಕೊಡೋಣ ಅಂತಾಳೆ. ಏನು ಮಾಡೋಣ?”

ನನ್ನನ್ನು ಕೇಳುವವರ ಊರು ಬೇರೆ, ಬೀದಿ ಬೇರೆ, ಮಾತು ಮಾತ್ರ ಹೆಚ್ಚುಕಡಿಮೆ ಇದೇ. ಒಬ್ಬರದು ಮೈಸೂರಿನ ಅಗ್ರಹಾರದ, ನಡುವೆ ತೆರೆದ ಅಂಗಳವಿರುವ ತೊಟ್ಟಿ ಮನೆ, ಇನ್ನೊಬ್ಬರದು ಬಸವನಗುಡಿಯ, ಮುಂಬದಿಗೆ ಮರಪಟ್ಟಿಯ ಚೂಪು ಮಾಡಿರುವ ಮಂಕಿ ಟಾಪ್ ಬಂಗಲೆ, ಮತ್ತೊಬ್ಬರದು ಮಂಗಳೂರಿನ ಮುರಕಲ್ಲಿನ ಹೆಂಚಿನ ಮನೆ. ಉಳಿಸಬೇಕೆಂಬ ಆಸೆ ಎಲ್ಲರಿಗೂ ಇದೆ. ಆದರೆ ಬರೀ ವಾಸದ ಮನೆಯಾಗಿ ಉಳಿದರೆ ಅದರ ರಿಪೇರಿ ಖರ್ಚು ಅದರಿಂದ ಹುಟ್ಟುವುದಿಲ್ಲ. ಹಾಗಾಗಿ ಮನೆಯ ಒಂದು ಭಾಗ ದುಡಿಯಬೇಕು, ಇನ್ನೊಂದು ಭಾಗದಲ್ಲಿ ಮನೆಯವರು ಇರಬೇಕು.

ಇದು ನಮಗೆ ಹೊಸದಲ್ಲ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ ಎಂಬುದು ಎಷ್ಟೋ ತಲೆಮಾರು ನಡೆದುಬಂದಿದೆ. ಇಳಕಲ್ಲಿನ ನೇಕಾರರ ಮನೆಯೊಳಗೇ ಮಗ್ಗ ಇತ್ತು, ಅಡುಗೆಯೂ ಇತ್ತು. ವಾಸಕ್ಕೊಂದು ಬಡಾವಣೆ, ವ್ಯಾಪಾರಕ್ಕೊಂದು ಬಡಾವಣೆ ಎಂದು ಬೇರೆ ಮಾಡಿದ್ದೇ ಈಚಿನದು. ಹಳೆಯ ಕಟ್ಟಡಗಳಿಗೆ ಎರಡು ಕೆಲಸ ಒಟ್ಟಿಗೆ ಮಾಡುವುದು ಗೊತ್ತಿದೆ. ಆದರೆ ಯಾವ ಎರಡು ಕೆಲಸ, ಎಷ್ಟು ಭಾರದ ಕೆಲಸ ಎಂಬಲ್ಲಿ ನಾವು ಎಡವುತ್ತೇವೆ.

ಅಳೆಯುವುದು ಯಾವುದರಿಂದ

ದಾರಿಗಳನ್ನು ಹೋಲಿಸುವ ಮೊದಲು ಅಳತೆಗೋಲುಗಳನ್ನು ಗಟ್ಟಿ ಮಾಡಿಕೊಳ್ಳೋಣ. ನಾನು ಐದನ್ನು ನೋಡುತ್ತೇನೆ. ಮೊದಲನೆಯದಕ್ಕೇ ಹೆಚ್ಚು ತೂಕ.

ಮೊದಲನೆಯದು ಭಾರ. ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರ, ಅಂದರೆ ಜನರ, ಸಾಮಾನಿನ ಭಾರ, ತಾಳಬೇಕು ಎಂದು ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. ಅದೇ ಕೋಣೆ ಚಿಲ್ಲರೆ ಅಂಗಡಿಯಾದರೆ 400. ಪುಸ್ತಕದ ಕಪಾಟುಗಳನ್ನು ಸಾಲಾಗಿ ನಿಲ್ಲಿಸುವ ಗ್ರಂಥಾಲಯವಾದರೆ 600 ಅಥವಾ ಇನ್ನೂ ಹೆಚ್ಚು. ಅಜ್ಜಿ ಮಲಗುತ್ತಿದ್ದ ಮಹಡಿಯ ಕೋಣೆಯಲ್ಲಿ ಹಾಗೆ ಪುಸ್ತಕದ ಕಪಾಟು ತುಂಬಿಸಿದರೆ ತೊಲೆಯ ಮೇಲೆ ಬಳಕೆಯ ಭಾರ ಮೂರು ಪಟ್ಟು. ನೆಲ ಅಂತಸ್ತಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಭಾರ ನೇರ ಮಣ್ಣಿಗೆ ಹೋಗುತ್ತದೆ. ಆದ್ದರಿಂದ ಜನ ಸೇರುವ, ಸಾಮಾನು ಪೇರಿಸುವ ಕೆಲಸ ಕೆಳಗಿರಲಿ. ಮಲಗುವುದು, ಬರೆಯುವುದು, ಹೊಲಿಯುವುದು ಮೇಲಿರಲಿ.

ಎರಡನೆಯದು ನೀರು. ಹಳೆಯ ಕಟ್ಟಡ ವಯಸ್ಸಿನಿಂದ ಸಾಯುವುದಿಲ್ಲ, ನೀರಿನಿಂದ ಸಾಯುತ್ತದೆ. ಮೇಲಿನಿಂದ ಸೋರುವ ನೀರು, ಕೆಳಗಿನಿಂದ ಗೋಡೆ ಹೀರುವ ನೀರು, ಇವೆರಡರ ಜತೆಗೆ ಹೊಸ ಬಳಕೆಗೆಂದು ನಾವೇ ತರುವ ನೀರು. ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಬಚ್ಚಲಿದ್ದ ಮನೆಗೆ ಐದು ಅಟ್ಯಾಚ್ಡ್ ಬಾತ್‌ರೂಮು ಬಂದರೆ ಐದು ಕಡೆ ಗೋಡೆ ಕೊರೆದು ಪೈಪು ಹೋಗುತ್ತದೆ.

ಮೂರನೆಯದು, ಮಾಡಿದ್ದನ್ನು ಮುಂದೆ ಬಿಚ್ಚಬಹುದೇ ಎಂಬುದು. ಮರದ ಅಡ್ಡಗೋಡೆ ನಿಲ್ಲಿಸಿದರೆ ಹತ್ತು ವರ್ಷದ ಮೇಲೆ ತೆಗೆಯಬಹುದು. ಗೋಡೆ ಒಡೆದು ಷಟರ್ ಹಾಕಿಸಿದರೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಬಾಡಿಗೆದಾರರು ಬದಲಾಗುತ್ತಾರೆ, ವ್ಯಾಪಾರ ಬದಲಾಗುತ್ತದೆ, ಮನೆ ಇರಬೇಕು.

ನಾಲ್ಕನೆಯದು ಕಾಗದ: ಖಾತೆ ಯಾರ ಹೆಸರಿನಲ್ಲಿದೆ, ವಿಭಾಗ ಆಗಿದೆಯೇ, ಅಲ್ಲಿ ವ್ಯಾಪಾರಕ್ಕೆ ಅವಕಾಶವಿದೆಯೇ. ಐದನೆಯದು ಹಣ. ಕೈಯಿಂದ ಒಮ್ಮೆಗೇ ಎಷ್ಟು ಹೋಗುತ್ತದೆ ಎನ್ನುವುದಕ್ಕಿಂತ ಹಂತ ಹಂತವಾಗಿ ಮಾಡಲು ಬರುತ್ತದೆಯೇ ಎಂಬುದು ನನಗೆ ಮುಖ್ಯ. ಚದರಡಿಗೆ ಇಷ್ಟು ಎಂಬ ಲೆಕ್ಕ ಹೊಸ ಕಟ್ಟಡದ್ದು. ಹಳೆಯ ಮನೆಯಲ್ಲಿ ಖರ್ಚು ನಿಂತಿರುವುದು ತೊಲೆಯ ತುದಿ ಗೋಡೆಯೊಳಗೆ ಎಷ್ಟು ಕೊಳೆತಿದೆ ಎಂಬುದರ ಮೇಲೆ. ಬಿಚ್ಚಿ ನೋಡದೆ ಅಂದಾಜು ಕೊಡುವವರನ್ನು ನಂಬಬೇಡಿ. ನೋಡಿದ ಮೇಲೂ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ.

ಒಂದನೆಯ ದಾರಿ: ಮನೆ ಮನೆಯಾಗಿಯೇ, ಮುಂಭಾಗ ಮಾತ್ರ ದುಡಿಮೆಗೆ

ಜಗುಲಿ, ಪಡಸಾಲೆ, ಬೀದಿಗೆ ತೆರೆಯುವ ಒಂದು ಕೋಣೆ, ಇಷ್ಟನ್ನು ವಕೀಲರ ಕಚೇರಿಗೋ, ಸಂಗೀತ ಪಾಠಕ್ಕೋ, ವೈದ್ಯರ ಕ್ಲಿನಿಕ್ಕಿಗೋ, ಸೀರೆಯ ಸಣ್ಣ ಮಳಿಗೆಗೋ ಕೊಟ್ಟು ತೊಟ್ಟಿಯಿಂದ ಒಳಗೆ ಮನೆಯವರು ಇರುವುದು. ತೊಟ್ಟಿ ಮನೆಯ ರಚನೆಯೇ ಇದಕ್ಕೆ ಒದಗುತ್ತದೆ. ಹೊರಗಿನವರು ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯನ್ನು ಕಟ್ಟಿದವರು ಆಗಲೇ ಎಳೆದಿದ್ದರು, ನಾವು ಅಲ್ಲೊಂದು ಬಾಗಿಲು ಹಾಕಿದರೆ ಸಾಕು.

ಭಾರ ಏರುವುದಿಲ್ಲ. ಬೇಕಾಗುವುದು ಹೆಚ್ಚೆಂದರೆ ಒಂದು ಶೌಚಾಲಯ. ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಬಹುದು. ಹಂತ ಹಂತವಾಗಿ ನಡೆಸಬಹುದು: ಈ ವರ್ಷ ಸೂರು, ಬರುವ ವರ್ಷ ವೈರಿಂಗ್. ಕೊರತೆ ಎಂದರೆ ಆದಾಯ ಕಡಿಮೆ. ಒಂದು ಕೋಣೆಯ ಬಾಡಿಗೆಯಿಂದ ವರ್ಷ ವರ್ಷದ ಹೆಂಚು, ಸುಣ್ಣ, ಗೆದ್ದಲಿನ ಔಷಧಿ ನಡೆದೀತು. ಈಗಾಗಲೇ ಕುಸಿಯುತ್ತಿರುವ ಮಹಡಿಯನ್ನು ಅದರಿಂದ ಎತ್ತಲಾಗದು.

ವಯಸ್ಸಾದವರು ಅಲ್ಲೇ ವಾಸವಿದ್ದರೆ, ಕೈಯಲ್ಲಿ ಹಣ ಕಡಿಮೆಯಿದ್ದರೆ, ಅಣ್ಣತಮ್ಮಂದಿರ ಮಾತು ಇನ್ನೂ ಒಂದು ನೆಲೆಗೆ ಬಂದಿಲ್ಲದಿದ್ದರೆ ನಾನು ಹೇಳುವುದು ಇದನ್ನೇ. ಮನೆಯನ್ನು ಇನ್ನೊಂದು ಹತ್ತು ವರ್ಷ ನಿಲ್ಲಿಸಿ, ತೀರ್ಮಾನಕ್ಕೆ ಕಾಲ ಕೊಡುತ್ತದೆ.

ಎರಡನೆಯ ದಾರಿ: ಕೆಳಗೆ ಕೆಫೆ ಅಥವಾ ಅಂಗಡಿ, ಮೇಲೆ ವಾಸ ಅಥವಾ ಹೋಂಸ್ಟೇ

ಎಲ್ಲರ ಕಣ್ಣು ಇದರ ಮೇಲೆ. ಹಳೆಯ ಬಂಗಲೆಯಲ್ಲಿ ಕಾಫಿ ಕುಡಿಯುವುದು ಯಾರಿಗೆ ಬೇಡ? ಆದಾಯವೂ ಹೆಚ್ಚು. ಆದರೆ ಕಟ್ಟಡದಿಂದ ಅತಿ ಹೆಚ್ಚು ಕೇಳುವ ದಾರಿಯೂ ಇದೇ.

ಅಡುಗೆಮನೆಯಿಂದ ಶುರು ಮಾಡೋಣ. ಮನೆಯಲ್ಲಿ ಉರಿಯುತ್ತಿದ್ದದ್ದು 14.2 ಕೆ.ಜಿ.ಯ ಒಂದು ಸಿಲಿಂಡರು. ಹೋಟೆಲಿಗೆ 19 ಕೆ.ಜಿ.ಯವು ಹಲವು ಬರುತ್ತವೆ. ಮೇಲೆ ಒಣಗಿದ ತೇಗದ ಜಂತಿ, ಮರದ ಮುಚ್ಚಿಗೆ. ಎಣ್ಣೆಜಿಡ್ಡು ಹಿಡಿದ ಹೊಗೆಕೊಳವೆಗೆ ಬೆಂಕಿ ತಗುಲಿದರೆ ಆ ಮರಕ್ಕೆ ಎಷ್ಟು ಹೊತ್ತು ಬೇಕು? ಹಾಗಾಗಿ ನನ್ನ ಒಂದು ಹಠ ಇದೆ: ವ್ಯಾಪಾರದ ಅಡುಗೆಮನೆ ಹಳೆಯ ಸೂರಿನಡಿ ಇರಕೂಡದು. ಹಿತ್ತಲಲ್ಲಿ ಇಟ್ಟಿಗೆ ಗೋಡೆಯ, ಮರವಿಲ್ಲದ ಸೂರಿನ ಬೇರೆ ಕೋಣೆ ಕಟ್ಟಿ, ಊಟ ಮಾತ್ರ ಒಳಗೆ ತನ್ನಿ. ಹಿತ್ತಲಿಲ್ಲವೇ? ಹಾಗಾದರೆ ಬೇಯಿಸುವ ಹೋಟೆಲು ಬೇಡ. ಕಾಫಿ, ಬೇರೆಡೆ ಮಾಡಿ ತಂದ ತಿಂಡಿ, ಪುಸ್ತಕ, ಕೈಮಗ್ಗ ಇಂಥ ಒಣ ವ್ಯಾಪಾರ ನೋಡಿ.

ಆಮೇಲೆ ನೀರಿನ ಟ್ಯಾಂಕು. 1,000 ಲೀಟರಿನ ಟ್ಯಾಂಕು ತುಂಬಿದರೆ ಸರಿಯಾಗಿ ಒಂದು ಟನ್. ಅದನ್ನು ಹಳೆಯ ತಾರಸಿಯ ನಡುವೆ ಇಟ್ಟಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಟ್ಯಾಂಕಿಗೆ ನೆಲದಿಂದಲೇ ಏಳುವ ಬೇರೆ ಕಬ್ಬಿಣದ ಸ್ಟ್ಯಾಂಡು ಮಾಡಿಸಿ. ಬಾತ್‌ರೂಮುಗಳನ್ನು ಮನೆಯ ತುಂಬ ಚೆಲ್ಲಬೇಡಿ. ಹಿಂಭಾಗದಲ್ಲಿ ಒಂದರ ಮೇಲೊಂದು ಬರುವಂತೆ ಗೋಪುರದ ಹಾಗೆ ಕಟ್ಟಿದರೆ ಸೋರಿದ್ದು ಹಳೆಯ ಗೋಡೆಗೆ ತಾಗುವುದಿಲ್ಲ.

ಹೋಂಸ್ಟೇ ಎಂದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕಾದರೆ ಮನೆಯವರು ಅಲ್ಲೇ ವಾಸವಿರಬೇಕು. ಇದನ್ನು ಅಡ್ಡಿ ಎಂದುಕೊಳ್ಳಬೇಡಿ. ಮನೆಯವರಿದ್ದರೆ ಸೋರುವ ಹೆಂಚು ಮಾರನೆಯ ದಿನ ಸರಿಯಾಗುತ್ತದೆ. ಊರಿನಾಚೆ ಕೂತು ಫೋನಿನಲ್ಲಿ ನಡೆಸುವ ಮನೆಯಲ್ಲಿ ಆ ಹೆಂಚು ಮುಂದಿನ ಮಳೆಗಾಲದವರೆಗೂ ಹಾಗೇ ಇರುತ್ತದೆ.

ಬಾಡಿಗೆಯ ಕರಾರಿನ ಬಗ್ಗೆ ಒಂದು ಮಾತು. ಕೆಫೆಯವರು ಸಾಮಾನ್ಯವಾಗಿ ಒಳಾಂಗಣ ನಾವೇ ಮಾಡಿಕೊಳ್ಳುತ್ತೇವೆ ಎನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ. ಮೂರು ವರ್ಷಕ್ಕೆ ಅಂಗಡಿ ಮುಚ್ಚಿ ಹೋದಾಗ ಕಂಬಕ್ಕೆ ಬಳಿದ ಪೇಂಟು, ಕೆಂಪು ಗಾರೆ ನೆಲದ ಮೇಲೆ ಅಂಟಿಸಿದ ಟೈಲು ನಿಮ್ಮ ಪಾಲಿಗೆ ಉಳಿಯುತ್ತವೆ. ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿಯನ್ನು ಫೋಟೋ ಸಮೇತ ಕರಾರಿಗೆ ಲಗತ್ತಿಸಿ: ನೆಲ, ಕಂಬ, ಬೋದಿಗೆ, ಬಾಗಿಲುವಾಡ, ಕಿಟಕಿ, ತೊಟ್ಟಿಯ ತೆರವು.

ತೊಟ್ಟಿಯ ತೆರವೆಂದಾಗ ಹೇಳಿಬಿಡುತ್ತೇನೆ. ಮಳೆ ಬೀಳುತ್ತದೆಂದು ಅದರ ಮೇಲೆ ಪಾಲಿಕಾರ್ಬೊನೇಟ್ ಶೀಟು ಹಾಕಿಸುವವರಿದ್ದಾರೆ. ಬಿಸಿಗಾಳಿ ಮೇಲಕ್ಕೆ ಹೋಗಲು ಇದ್ದ ಒಂದೇ ದಾರಿ ಆಗ ಮುಚ್ಚಿಹೋಗುತ್ತದೆ. ಮಧ್ಯಾಹ್ನ ಒಲೆಯಂತಾಗುತ್ತದೆ, ಅದಕ್ಕೆ ಎಸಿ ಬರುತ್ತದೆ, ಎಸಿಗಾಗಿ ಕಿಟಕಿ ಮುಚ್ಚುತ್ತದೆ, ಗಾಳಿಯಾಡದ ಮೂಲೆಯಲ್ಲಿ ಗೆದ್ದಲು ಹತ್ತುತ್ತದೆ. ಮುಚ್ಚಲೇಬೇಕಿದ್ದರೆ ಸುತ್ತಲೂ ಒಂದೆರಡು ಅಡಿ ಗಾಳಿಗೆ ಬಿಟ್ಟು ಎತ್ತರದಲ್ಲಿ ಹಾಕಿಸಿ.

ಎರಡನೆಯ ದಾರಿ ಯಾರಿಗೆ ಎಂದರೆ, ಗಟ್ಟಿ ನೆಲ ಅಂತಸ್ತು, ಹಿತ್ತಲು, ವ್ಯಾಪಾರಕ್ಕೆ ಅವಕಾಶವಿರುವ ರಸ್ತೆ ಈ ಮೂರೂ ಇದ್ದವರಿಗೆ. ಒಂದು ತಪ್ಪಿದರೂ ಮೊದಲನೆಯ ದಾರಿಗೆ ಹಿಂತಿರುಗಿ ನೋಡಿ.

ಮೂರನೆಯ ದಾರಿ: ಮುಂದೆ ಹಳೆಯದು, ಹಿಂದೆ ಹೊಸದು

ದೊಡ್ಡ ನಿವೇಶನವಿದ್ದವರಿಗೆ ನನಗೆ ಬಹಳ ಇಷ್ಟವಾದ ದಾರಿ ಇದು. ಹಳೆಯ ಬಂಗಲೆಯನ್ನು ಹಗುರವಾದ ಕೆಲಸಕ್ಕೆ ಇಟ್ಟುಕೊಂಡು ಭಾರ, ನೀರು, ಬೆಂಕಿ, ಲಿಫ್ಟು, ಟ್ಯಾಂಕು, ಸೌರಫಲಕ ಎಲ್ಲವನ್ನೂ ಹಿತ್ತಲಿನ ಹೊಸ ಕಟ್ಟಡಕ್ಕೆ ಹೊರಿಸುವುದು.

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ನೋಡಿ ಬನ್ನಿ. 2009ರಲ್ಲಿ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆಯಿತು. ಹಳೆಯ ಮಹಲು ಮುಂದಿದೆ, ಹೊಸ ಗ್ಯಾಲರಿ ಅದಕ್ಕೆ ಸೇರಿಕೊಂಡಂತೆ, ಆದರೆ ಅದರಂತೆ ನಟಿಸದೆ ನಿಂತಿದೆ. ಹಳೆಯ ಮರಗಳ ನಡುವೆ ಎರಡೂ ಒಪ್ಪುತ್ತವೆ. ಕಬ್ಬನ್ ಪಾರ್ಕಿನ ಅಠಾರಾ ಕಚೇರಿಯದೂ ಇದೇ ಪಾಠ. 1860ರ ದಶಕದಲ್ಲಿ ಕಟ್ಟಿದ ಅದನ್ನು 1980ರ ದಶಕದಲ್ಲಿ ಕೆಡವುವ ಮಾತು ಬಂದಿತ್ತು. ನಾಗರಿಕರು ನ್ಯಾಯಾಲಯದ ಬಾಗಿಲು ತಟ್ಟಿದರು, ಕಟ್ಟಡ ಉಳಿಯಿತು. ಇವತ್ತಿಗೂ ಅಲ್ಲಿ ಹೈಕೋರ್ಟು ನಡೆಯುತ್ತಿದೆ. ಬೆಳೆದ ಅಗತ್ಯಕ್ಕೆ ಹಿಂದೆ ಹೊಸ ಕಟ್ಟಡಗಳು ಬಂದಿವೆ.

ಸೌರಫಲಕದ ಮಾತಿಗೂ ಇಲ್ಲಿ ಉತ್ತರವಿದೆ. ಫಲಕಗಳ ಭಾರ ಚದರ ಮೀಟರಿಗೆ 12ರಿಂದ 15 ಕೆ.ಜಿ. ಮಾತ್ರ. ಆದರೆ ಹೆಂಚಿನ ಸೂರಿನ ಮೇಲೆ ಹಾಕಿದರೆ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ, ಮೊಳೆ ಹೊಡೆದಲ್ಲಿ ನೀರು ಇಳಿಯುತ್ತದೆ, ತೊಳೆಯಲು ಹತ್ತುವವರ ಕಾಲಡಿ ಹೆಂಚು ಒಡೆಯುತ್ತದೆ. ಹಿಂದಿನ ಆರ್‌ಸಿಸಿ ತಾರಸಿಯ ಮೇಲಾದರೆ ಈ ಯಾವ ಕಾಟವೂ ಇಲ್ಲ.

ಮಳೆನೀರು ಮಾತ್ರ ಹಳೆಯ ಸೂರಿನದೇ ಹಿಡಿಯಿರಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಸುತ್ತಮುತ್ತ ಮಳೆ. 100 ಚದರ ಮೀಟರಿನ ಸೂರಿನ ಮೇಲೆ ಬೀಳುವುದು 97,000 ಲೀಟರ್. ಐದನೇ ಒಂದು ಭಾಗ ಪೋಲಾದರೂ 77,000ಕ್ಕೆ ಮೋಸವಿಲ್ಲ. ಹಿತ್ತಲಲ್ಲಿ ಅಡಿಪಾಯ ಅಗೆಯುವಾಗಲೇ ಅಲ್ಲೊಂದು ಸಂಪು ಮಾಡಿಸಿದರೆ ಹಳೆಯ ಗೋಡೆಯ ಬುಡಕ್ಕೆ ಸುರಿಯುತ್ತಿದ್ದ ನೀರೇ ಶೌಚಾಲಯಕ್ಕೂ ತೋಟಕ್ಕೂ ಆಗುತ್ತದೆ.

ಎಚ್ಚರ ಬೇಕಾದದ್ದು ಅಗೆತದಲ್ಲಿ. ಹಳೆಯ ಗೋಡೆಗಳ ಅಡಿಪಾಯ ಆಳವಿರುವುದಿಲ್ಲ. ಅದರ ಪಕ್ಕದಲ್ಲೇ ಜೆಸಿಬಿ ಇಳಿಸಿ ಬೇಸ್‌ಮೆಂಟ್ ತೆಗೆದರೆ ಮಣ್ಣು ಜಾರಿ ಗೋಡೆ ಬಿರಿಯುತ್ತದೆ. ಹೊಸದನ್ನು ದೂರ ಸರಿಸಿ. ಎರಡರ ನಡುವೆ ಸೂರು ಹಾಕಿದ ಒಂದು ಓಣಿಯಿದ್ದರೆ ಸಾಕು, ಗೋಡೆಗೆ ಗೋಡೆ ಬೆಸೆಯಬೇಡಿ. ಖರ್ಚು ದೊಡ್ಡದು, ಸಾಲ ಬೇಕಾಗುತ್ತದೆ. ಆದರೆ ಬ್ಯಾಂಕಿಗೆ ಅರ್ಥವಾಗುವ ಕಟ್ಟಡ ಹಿಂದಿರುವುದರಿಂದ ಸಾಲ ಹುಟ್ಟುವುದು ಹಳೆಯ ಮನೆಯೊಂದಕ್ಕೇ ಕೇಳಿದಷ್ಟು ಕಷ್ಟವಲ್ಲ.

ನಾಲ್ಕನೆಯ ದಾರಿ: ಮುಖ ಮಾತ್ರ ಉಳಿಸಿ ಒಳಗೆಲ್ಲ ಹೊಸದು

ಬೀದಿಯ ಕಡೆಯ ಗೋಡೆ, ಕಂಬ, ಮಂಕಿ ಟಾಪ್ ಇಟ್ಟುಕೊಂಡು ಹಿಂದೆ ನಾಲ್ಕು ಅಂತಸ್ತು ಎಬ್ಬಿಸುವುದು. ನನಗೆ ಇದು ಒಪ್ಪಿಗೆಯಿಲ್ಲ. ಗಾಳಿಯಾಡುವ ತೊಟ್ಟಿ, ತಂಪು ಹಿಡಿದಿಡುವ ಒಂದೂವರೆ ಅಡಿ ದಪ್ಪದ ಗೋಡೆ, ತೇಗದ ತೊಲೆ ಎಲ್ಲ ಹೋದ ಮೇಲೆ ಉಳಿಯುವುದು ಬರೀ ಪರದೆ. ಆ ಪರದೆಯನ್ನು ಕೆಲಸ ಮುಗಿಯುವವರೆಗೆ ಬೀಳದಂತೆ ಕಬ್ಬಿಣದ ಆಸರೆಯಲ್ಲಿ ಹಿಡಿದು ನಿಲ್ಲಿಸುವ ಖರ್ಚು ಬೇರೆ. ಪರಿಸರದ ಲೆಕ್ಕದಲ್ಲೂ ಲಾಭವಿಲ್ಲ. ಜಗತ್ತಿನಲ್ಲಿ ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7–8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಆ ಸಿಮೆಂಟು, ಕಬ್ಬಿಣ ಎಲ್ಲ ಇಲ್ಲಿ ಹೊಸದಾಗಿ ಸುರಿಯಲೇಬೇಕು.

ಒಂದು ಸಂದರ್ಭ ಬಿಟ್ಟುಕೊಡುತ್ತೇನೆ. ಒಳಗಿನದು ಆಗಲೇ ಕುಸಿದು ಬಿದ್ದಿದ್ದರೆ, ಬೀದಿಯ ಸಾಲು ಮುರಿಯದಿರಲಿ ಎಂದು ಮುಖವನ್ನಾದರೂ ಉಳಿಸಿಕೊಳ್ಳುವುದು ಸರಿ.

ಐದನೆಯ ದಾರಿ: ಬಿಚ್ಚಿ ಬೇರೆಡೆ ಕಟ್ಟುವುದು

ರಸ್ತೆ ಅಗಲೀಕರಣಕ್ಕೆ ಮನೆ ಹೋಗುತ್ತದೆ, ಅಥವಾ ವಿಭಾಗದಲ್ಲಿ ಜಾಗ ಮಾರಲೇಬೇಕು ಎಂದಾದಾಗ ಕಡೆಯ ದಾರಿ. ಮರದ ಚೌಕಟ್ಟಿನ ಮನೆಗೆ ಇದು ನಿಜವಾಗಿಯೂ ಸಾಧ್ಯ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರು ಚೌಕಿ ಮನೆಯಂಥವು ಹೀಗೆ ಬಿಚ್ಚಿ ತಂದು ಮತ್ತೆ ನಿಂತವು. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಚಿಕ್ಕಮಗಳೂರಿನ ಮನೆಯೂ ಇವೆ.

ಪ್ರತಿ ತೊಲೆಗೂ ಜಂತಿಗೂ ನಂಬರು ಬರೆದು, ನಕ್ಷೆ ಮಾಡಿ, ಫೋಟೋ ತೆಗೆದು ಬಿಚ್ಚಬೇಕು. ಸಾಗಿಸುವ ಮರ ಉಳಿಯುತ್ತದೆ, ಮಣ್ಣಿನ ಗೋಡೆ, ಗಾರೆ ನೆಲ ಉಳಿಯುವುದಿಲ್ಲ. ಊರಾಚೆ ತೋಟವಿದ್ದು ಅಲ್ಲೊಂದು ಅತಿಥಿಗೃಹ, ಒಂದು ಕಾರ್ಯಾಗಾರ ನಡೆಸುವ ಮನಸ್ಸಿದ್ದವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಹಳೆಯ ಸಾಮಾನಿನ ವ್ಯಾಪಾರಿಗೆ ಕಂಬ, ಬಾಗಿಲು ಬಿಡಿಬಿಡಿಯಾಗಿ ಮಾರಿದರೆ ಅದು ಉಳಿಸಿದಂತಲ್ಲ.

ಯಾವ ದಾರಿಯಾದರೂ ತಪ್ಪದ ಎರಡು ಆಯ್ಕೆಗಳು

ದಾರಿ ಸರಿಯಾಗಿ ಆರಿಸಿ ಸಾಮಗ್ರಿಯಲ್ಲಿ ಸೋತವರಿದ್ದಾರೆ. ಅವರಲ್ಲಿ ನಾವೂ ಒಬ್ಬರು.

ನನ್ನ ಸೋದರತ್ತೆಯ ಮನೆಯ ಕೆಳಗೋಡೆಗಳಲ್ಲಿ ಮೊಣಕಾಲೆತ್ತರಕ್ಕೆ ತೇವ ಏರುತ್ತಿತ್ತು. ಕಂಟ್ರಾಕ್ಟರು ಹಳೆಯ ಗಾರೆ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು, ಮೇಲೆ ಹೊಳೆಯುವ ಪೇಂಟು. ಒಂದು ಮಳೆಗಾಲ ಚೆನ್ನಾಗಿತ್ತು. ಎರಡನೆಯದರಲ್ಲಿ ತೇವ ಎದೆಯೆತ್ತರಕ್ಕೆ ಬಂತು. ಮೂರನೆಯದರಲ್ಲಿ ಪ್ಲಾಸ್ಟರು ಹಲಗೆ ಹಲಗೆಯಾಗಿ ಕಳಚಿ ಬಿದ್ದಾಗ ಒಳಗಿನ ಇಟ್ಟಿಗೆ ಪುಡಿಯಾಗಿತ್ತು. ಅತ್ತೆ ಆ ಪುಡಿಯನ್ನು ಮೊರದಲ್ಲಿ ಬಳಿದು ಹಾಕುತ್ತಿದ್ದುದನ್ನು ನಾನು ಮರೆತಿಲ್ಲ.

ಆಗಿದ್ದು ಇಷ್ಟು. ಸುಣ್ಣದ ಗಾರೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಗೋಡೆ ಹೀರಿದ ನೀರು ಅದರ ಮೂಲಕ ಆವಿಯಾಗಿ ಹೊರಹೋಗುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ನೀರು ಹೊರಗೆ ಬರಲಾಗದೆ ಮೇಲಕ್ಕೆ ಏರುತ್ತದೆ, ಜತೆಗೆ ತಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಒಡೆಯುತ್ತದೆ. ಮೇಲಾಗಿ ಸಿಮೆಂಟು ಹಳೆಯ ಮೆತ್ತನೆಯ ಇಟ್ಟಿಗೆಗಿಂತ ಗಟ್ಟಿ. ಗೋಡೆ ಸ್ವಲ್ಪ ಅಲುಗಿದರೂ ಬಿರಿಯುವುದು ಇಟ್ಟಿಗೆಯೇ.

ಹೀಗಾಗಿ ಸುಣ್ಣವೋ ಸಿಮೆಂಟೋ ಎಂಬುದರಲ್ಲಿ ಹಳೆಯ ಗೋಡೆಗೆ ಸುಣ್ಣವೇ. ಅದಕ್ಕೆ ತೆರಬೇಕಾದದ್ದು ಸಮಯ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ ವಾರಗಟ್ಟಲೆ ನೆನೆಯಲು ಬಿಡಬೇಕು. ತೆಳುವಾಗಿ ಒಂದೊಂದೇ ಪದರ ಬಳಿದು ನೀರು ಚಿಮುಕಿಸುತ್ತಿರಬೇಕು, ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತ ನಿಧಾನವಾಗಿ ಗಟ್ಟಿಯಾಗುತ್ತದೆ. ಬೆಲ್ಲ, ಅಳಲೆಕಾಯಿಯ ನೀರು ಸೇರಿಸುವುದು ಗೊತ್ತಿರುವ ಗಾರೆ ಕೆಲಸದವರು ಇನ್ನೂ ಇದ್ದಾರೆ, ಹುಡುಕಬೇಕು. ಪರಂಪರೆಯ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ನಿಮ್ಮ ಊರಿನ ಘಟಕದಲ್ಲಿ ವಿಚಾರಿಸಿ. ಸಾಮಗ್ರಿ ಅಗ್ಗ, ಕೂಲಿ ಹೆಚ್ಚು. ಮೂರು ವರ್ಷಕ್ಕೊಮ್ಮೆ ಕಳಚಿ ಬೀಳುವ ಪ್ಲಾಸ್ಟರಿನ ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚೇನಲ್ಲ. ಗೋಡೆಗೆ ಸುಣ್ಣವನ್ನೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟು ಬೇಡ.

ಇನ್ನೊಂದು ಸೂರು. ಹಳೆಯ ಮೈಸೂರು ಸೀಮೆಯಲ್ಲಿ ಮದ್ರಾಸ್ ತಾರಸಿ ಹೆಚ್ಚು: ತೊಲೆ, ಅದರ ಮೇಲೆ ಒತ್ತಾಗಿ ಜಂತಿ, ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿ, ಇಟ್ಟಿಗೆ ಜಲ್ಲಿ ಬೆರೆಸಿದ ಗಾರೆಯನ್ನು ದಿನಗಟ್ಟಲೆ ಬಡಿದು ಮಾಡಿದ್ದು. ಇದು ಸೋರಿದಾಗಲೆಲ್ಲ ಮೇಲೊಂದು ಸಿಮೆಂಟ್ ಪದರ, ಆಮೇಲೆ ಟೈಲು, ಆಮೇಲೆ ಮತ್ತೊಂದು ಪದರ ಹಾಕುತ್ತ ಬಂದಿರುತ್ತೇವೆ. ಮೊದಲ ಕೆಲಸ ಆ ಪದರಗಳನ್ನು ಕಿತ್ತು ಭಾರ ಇಳಿಸುವುದು. ಎರಡನೆಯದು ಗೋಡೆಯೊಳಗೆ ಹೂತಿರುವ ಜಂತಿಯ ತುದಿಗಳನ್ನು ನೋಡುವುದು, ಕೊಳೆಯುವುದು ಅಲ್ಲೇ. ನಡುವಿನ ಮರ ಗಟ್ಟಿಯಿದ್ದರೆ ತುದಿಗೆ ಮಾತ್ರ ಹೊಸ ಮರ ಜೋಡಿಸಬಹುದು ಅಥವಾ ಕಬ್ಬಿಣದ ಆಸರೆ ಕೊಡಬಹುದು.

ಎಲ್ಲ ಕಿತ್ತು ಆರ್‌ಸಿಸಿ ಹಾಕಿ ಎನ್ನುವ ಎಂಜಿನಿಯರುಗಳಿಗೆ ಒಂದು ಪ್ರಶ್ನೆ ಕೇಳಿ: ಐದಿಂಚಿನ ಸ್ಲ್ಯಾಬು ಚದರ ಮೀಟರಿಗೆ 300 ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಮಣ್ಣಿನಲ್ಲಿ ಕಟ್ಟಿದ ಗೋಡೆ ಇದನ್ನು ಹೊರುತ್ತದೆ ಎಂದು ನೀವು ಲೆಕ್ಕ ಮಾಡಿ ಬರೆದುಕೊಡುತ್ತೀರಾ? ಹೆಂಚಿನ ಸೂರಿನ ಜಾಗಕ್ಕೆ ಸ್ಲ್ಯಾಬು ಬಂದರಂತೂ ಭಾರ ಹಲವು ಪಟ್ಟಾಗುತ್ತದೆ, ಬಿಸಿಲಿಗೆ ಹಿಗ್ಗುವ ಸ್ಲ್ಯಾಬು ಗೋಡೆಯ ತಲೆಯನ್ನು ತಳ್ಳುತ್ತದೆ. ಕರಾವಳಿಯವರು ಅದೃಷ್ಟವಂತರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ಇವತ್ತಿಗೂ ಸಿಗುತ್ತದೆ, ಒಡೆದ ಒಂದನ್ನೇ ಬದಲಾಯಿಸಬಹುದು. ಹಳೆಯ ಹೆಂಚುಗಳನ್ನು ಇಳಿಸಿ ತಟ್ಟಿ ನೋಡಿ. ಗಂಟೆಯಂತೆ ಸದ್ದು ಬಂದದ್ದು ಮತ್ತೆ ಮೇಲೇರಲಿ.

ಕಾಗದದ ಕಡೆ

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಹತ್ತಿರವಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಶ್ರೀರಂಗಪಟ್ಟಣ, ಬಾದಾಮಿ, ವಿಜಯಪುರಗಳಲ್ಲಿ, ಬೆಂಗಳೂರಿನ ಕೋಟೆಯ ಟಿಪ್ಪು ಅರಮನೆಯ ಸುತ್ತ ಎಷ್ಟೋ ಮನೆಗಳು ಇದರೊಳಗೆ ಬರುತ್ತವೆ. ನಿಷೇಧಿತ ವಲಯದಲ್ಲಿ 1992ರ ಜೂನ್ 16ಕ್ಕೂ ಮೊದಲಿನ ಕಟ್ಟಡದ ದುರಸ್ತಿ, ನವೀಕರಣಕ್ಕೆ ಅನುಮತಿ ಕೇಳಬಹುದು, ಹೊಸದಾಗಿ ಕಟ್ಟಲಿಕ್ಕಿಲ್ಲ. ಅಂದರೆ ಮೂರನೆಯ ಮತ್ತು ನಾಲ್ಕನೆಯ ದಾರಿಗಳು ಅಲ್ಲಿ ಮುಚ್ಚಿದಂತೆಯೇ. ಕೆಡವಿದರೆ ನಿವೇಶನ ಖಾಲಿ ಉಳಿಯುತ್ತದೆ. ಅಲ್ಲಿ ನಿಮ್ಮ ಆಸ್ತಿಯೆಂದರೆ ನಿಂತಿರುವ ಆ ಹಳೆಯ ಗೋಡೆಗಳೇ.

ಉಳಿದಂತೆ ನಗರಪಾಲಿಕೆಯ ವ್ಯಾಪಾರ ಪರವಾನಗಿ, ವಾಸಕ್ಕೂ ವ್ಯಾಪಾರಕ್ಕೂ ಬೇರೆ ಬೇರೆ ವಿದ್ಯುತ್ ಮೀಟರು, ಆಸ್ತಿ ತೆರಿಗೆಯಲ್ಲಿ ಆಗುವ ಬದಲಾವಣೆ ಇವನ್ನು ಬಾಡಿಗೆ ಮಾತಾಡುವ ಮುಂಚೆಯೇ ವಿಚಾರಿಸಿ. ವಿಭಾಗ ಆಗಿರದಿದ್ದರೆ ಎಲ್ಲ ಹಕ್ಕುದಾರರ ಸಹಿ ಇರುವ ಒಪ್ಪಂದ ಬರೆಸಿ: ಬಂದ ಬಾಡಿಗೆಯಲ್ಲಿ ಮೊದಲ ಪಾಲು ಮನೆಯ ರಿಪೇರಿಗೆ, ಉಳಿದದ್ದು ಹಂಚಿಕೆಗೆ. ಈ ಒಂದು ವಾಕ್ಯ ಬರೆಯದೆ ಹಾಳಾದ ಮನೆಗಳು ಬಹಳ.

ತಡಮಾಡಿದರೆ ಏನಾಗುತ್ತದೆ ಎಂಬುದನ್ನು ಮೈಸೂರು ನೋಡಿದೆ. ಹಳೆಯ ಪುಸ್ತಕದಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ಆಮೇಲೂ ವರ್ಷಗಟ್ಟಲೆ ನಡೆಯಿತು. ವಾದ ನಡೆಯುವಷ್ಟು ಕಾಲವೂ ಮಳೆ ಬೀಳುತ್ತಲೇ ಇತ್ತು. ದಾರಿ ಯಾವುದೆಂದು ಮನೆಯವರು ಇನ್ನೂ ಮಾತಾಡುತ್ತಿದ್ದರೂ ಸೂರಿನ ಸೋರಿಕೆ, ತೂಬು, ಗೋಡೆಯ ಬುಡದ ಚರಂಡಿ ಈ ಮೂರನ್ನು ಈ ವರ್ಷವೇ ಸರಿಮಾಡಿಸಿ. ಐದರಲ್ಲಿ ಯಾವುದನ್ನು ಆರಿಸಿದರೂ ಆ ಹಣ ದಂಡವಲ್ಲ.

ಅತ್ತೆಯ ಮನೆಗೆ ಕಡೆಗೆ ನಾವು ಆರಿಸಿದ್ದು ಮೊದಲನೆಯ ದಾರಿ. ಸಿಮೆಂಟೆಲ್ಲ ಕೆತ್ತಿ ತೆಗೆದು ಒಂದು ಬೇಸಿಗೆಯಿಡೀ ಗೋಡೆಯನ್ನು ಹಾಗೇ ಒಣಗಲು ಬಿಟ್ಟು ಆಮೇಲೆ ಗಾರೆ ಮಾಡಿಸಿದೆವು. ಪಡಸಾಲೆಯಲ್ಲಿ ಈಗ ಮಕ್ಕಳು ವೀಣೆ ಕಲಿಯುತ್ತಾರೆ. ನೀವು ಮಾಡಬಹುದಾದ ಮೊದಲ ಕೆಲಸಕ್ಕೆ ಎಂಜಿನಿಯರೂ ಬೇಡ, ಹಣವೂ ಬೇಡ. ಮುಂದಿನ ಜೋರು ಮಳೆಯ ದಿನ ಒಂದು ನೋಟ್‌ಬುಕ್ಕು, ಟಾರ್ಚು, ಸೀಮೆಸುಣ್ಣ ಹಿಡಿದು ಮನೆಯೆಲ್ಲ ಸುತ್ತಿ. ನೀರು ಕಂಡಲ್ಲೆಲ್ಲ ಗುರುತು ಹಾಕಿ, ಗೋಡೆಯ ತೇವ ಎಲ್ಲಿಯವರೆಗೆ ಏರಿದೆ ಎಂದು ಗೆರೆ ಎಳೆದು ತಾರೀಕು ಬರೆಯಿರಿ. ಆರು ತಿಂಗಳ ಮೇಲೆ ಆ ಗೆರೆಯ ಮುಂದೆ ಅಣ್ಣ, ತಂಗಿ, ಅಮ್ಮ ಎಲ್ಲರೂ ನಿಂತು ಮಾತಾಡಿ.